ಕಮರಿಯಂಚಿನ ಮೂರು ಕಲ್ಲು

ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ. ಸ್ವೀಡನ್ನಿನ ಉತ್ತರ ತುದಿಯಲ್ಲಿರುವ ಅಬಿಸ್ಕೋ ಅನ್ನೋ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆ. ಬೆಟ್ಟದ ತುಂಬ ಬರ್ಚ್ ಮರಗಳ ಕಾಡು, ಪಕ್ಕದಲ್ಲೇ ಹೆಸರುವಾಸಿ ಕಮರಿ. ದಾರಿ ಬಿಟ್ಟು ಕಮರಿಯ ಅಂಚಿನಲ್ಲಿ ಚಪ್ಪಟೆ ಕಲ್ಲು ಕಂಡವು. ಮನೆ ಬೇಕೆನ್ನುವವರು ನಮ್ಮ ದೇವರ ಬೆಟ್ಟಗಳಲ್ಲಿ ಮಾಡೋ ಹಾಗೆ ಮೂರು ಕಲ್ಲು ಪೇರಿಸಿ, ‘ಸ್ಟಾಕ್‌ಹೋಮಿನಲ್ಲಿ ಒಂದು ಬಾಡಿಗೆ ಮನೆಯಾದರೂ ಕೊಡಪ್ಪಾ’ ಅಂತ ಕಣ್ಮುಚ್ಚಿ ಕೈಮುಗಿದೆ. ಅಲ್ಲಿ ಬಾಡಿಗೆ ಮನೆಗೂ ವರ್ಷಗಟ್ಟಲೆ ಸರದಿ ಕಾಯಬೇಕು.

ಕಣ್ಣು ಬಿಡುವಷ್ಟರಲ್ಲಿ, ಬೆನ್ನಿಗೆ ಚೀಲ ಹೊತ್ತ ಸ್ವೀಡಿಷ್ ಅಜ್ಜಿಯೊಬ್ಬಳು ಬೂಟುಗಾಲಲ್ಲಿ ನಾನು ಪೇರಿಸಿದ್ದನ್ನು ಒದ್ದು ಕೆಡವಿದ್ದಳು.

“ಏನ್ರೀ ಇದು? ಅದು ನನ್ನ ಮನೆ!” ಅಂತ ಕೂಗಿದೆ.

“ಇಲ್ಲಿ ಕಲ್ಲು ಪೇರಿಸೋದು ದಾರಿ ತೋರಿಸೋಕೆ. ಮಂಜು ಕವಿದಾಗ ಇದನ್ನೇ ದಾರಿಯ ಗುರುತು ಅಂದುಕೊಂಡು ಬಂದವರು ಕಮರಿಗೆ ಬೀಳ್ತಾರೆ,” ಅಂತ ಅವಳೂ ಗದರಿದಳು. ಆಮೇಲೆ, “ಮನೆ ಅಂದರೆ?” ಅಂದಳು.

ಸಿಟ್ಟಿನಲ್ಲೇ ವಿವರಿಸಿದೆ.

“ನನ್ನ ಮಗಳೂ ಅದೇ ಸರದಿಯಲ್ಲಿದ್ದಾಳೆ,” ಅಂದವಳು ಅತ್ತಿತ್ತ ನೋಡಿ, ನನ್ನ ಕಲ್ಲುಗಳನ್ನೇ ಆರಿಸಿಕೊಂಡು ಹೋಗಿ, ದಾರಿಗೆ ಕಾಣದ ಹಾಗೆ ಮರದ ಹಿಂದೆ ಪೇರಿಸಿ ಕೈಮುಗಿದಳು.

ನನ್ನ ಮನೆ ಕೆಡವಿ, ಅದೇ ಕಲ್ಲಲ್ಲಿ ಮಗಳಿಗೆ ಕಟ್ಟಿಕೊಂಡಿದ್ದು ಸಾಲದು ಅಂತ, ನಾಲ್ಕನೇ ಕಲ್ಲಿಟ್ಟು ಒಂದು ಮಹಡಿ ಬೇರೆ ಏರಿಸಿದಳು!