ಫೋನಿನೊಳಗಿನ ಹನ್ನೊಂದು ಸಾವಿರ ದೇವರು

ನನ್ನ ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೂವತ್ತು ವರ್ಷ ಪುಣೆಯ ಒಂದು ಮರಾಠಿ ಶಾಲೆಯಲ್ಲಿ ಗಣಿತ ಕಲಿಸಿದವಳು ನಾನು. ಒಂದೇ ಲೆಕ್ಕವನ್ನು ಮೂರನೆಯ ಸಲ ತಪ್ಪು ಮಾಡಿದವರ ಕಡೆಗೆ ನನ್ನ ಕೈಯ ಸೀಮೆಸುಣ್ಣ ಹಾರುತ್ತಿತ್ತು. ಮನೆಯಲ್ಲಿ ಸೀಮೆಸುಣ್ಣ ಇರಲಿಲ್ಲವಾದ್ದರಿಂದ ಫೋನಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ. ಲ್ಯಾಂಡ್‌ಲೈನ್ ಇದ್ದ ಕಾಲದಲ್ಲಿ ಅಕ್ಕನ ಜೊತೆ ಮಾತು ಜಗಳಕ್ಕೆ ತಿರುಗಿದರೆ ನಡುವೆಯೇ ರಿಸೀವರ್ ಕುಕ್ಕಿಬಿಡುವುದು, ಅರ್ಧ ಗಂಟೆ ಬಿಟ್ಟು ನಾನೇ ಮತ್ತೆ ಮಾಡುವುದು. ಅಕ್ಕ ಏನೂ ಆಗದವಳಂತೆ ಎತ್ತಿ, ಎಲ್ಲಿ ನಿಂತಿತ್ತೋ ಅಲ್ಲಿಂದ ಮಾತು ಮುಂದುವರಿಸುತ್ತಿದ್ದಳು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಭಾವ ಸೈನ್ಯದ ಡಿಪೋದಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಇಬ್ಬರೂ ಪುಣೆಯ ಹೊರಗೆ ದೇಹೂ ರೋಡ್ ಎಂಬ ಊರಿನಲ್ಲಿ ಇದ್ದಾರೆ. ಕಳೆದ ಚಳಿಗಾಲದಲ್ಲಿ ಅಕ್ಕನಿಗೆ ಲಕ್ವಾ ಹೊಡೆಯಿತು. ಕೈಕಾಲು ಬೇಗ ಸುಧಾರಿಸಿದವು, ಆದರೆ ಮಾತು ಹೋಯಿತು. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಹೇಳಬೇಕಾದ ಶಬ್ದ ಮಾತ್ರ ನಾಲಿಗೆಗೆ ಬರುವುದಿಲ್ಲ. ಮಾತು ಕಲಿಸುವ ಡಾಕ್ಟರು, ದಿನಾ ಇಪ್ಪತ್ತು ನಿಮಿಷ ಯಾರಾದರೂ ಎದುರು ಕೂತು ಅಭ್ಯಾಸ ಮಾಡಿಸಬೇಕು, ಮೊದಲ ಕೆಲವು ತಿಂಗಳು ಕೈಬಿಡಬೇಡಿ ಎಂದರು. ಕಲಿಸುವುದು ನನ್ನ ಕಸುಬು. ವಾರಕ್ಕೆ ಮೂರು ಸಲ ಲೋಕಲ್ ರೈಲು ಹತ್ತಿ ಹೋಗಿ ಬರುತ್ತಿದ್ದೆ. ಅಷ್ಟರಲ್ಲಿ ನನ್ನ ಮೊಣಕಾಲಿನ ಆಪರೇಷನ್ ದಿನ ಬಂತು. ಸದಾಶಿವ ಪೇಠದ ನಮ್ಮ ಮನೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಆರು ವಾರ ಮೆಟ್ಟಿಲು ಇಳಿಯಕೂಡದು ಎಂದು ಅಪ್ಪಣೆಯಾಯಿತು.

ಹಾಗಾಗಿ ಪಾಠ ವಿಡಿಯೋ ಕಾಲಿಗೆ ಬಂತು. ಬೆಳಿಗ್ಗೆ ಹತ್ತಕ್ಕೆ ಭಾವ ತಮ್ಮ ಫೋನನ್ನು ಉಪ್ಪಿನಕಾಯಿ ಭರಣಿಗೆ ಆನಿಸಿ ಅಕ್ಕನನ್ನು ಕೂಡಿಸುತ್ತಿದ್ದರು. ನಾನು ಇಲ್ಲಿಂದ ಒಂದೊಂದೇ ವಸ್ತು ಎತ್ತಿ ತೋರಿಸುತ್ತಿದ್ದೆ. ನೀರು, ಚಹಾ, ಬಾಚಣಿಗೆ, ಬೀಗ. ಮೂರು ವಾರದಲ್ಲಿ ಹನ್ನೊಂದು ಶಬ್ದ ವಾಪಸು ಬಂದಿದ್ದವು. ಒಂದೊಂದು ಬಂದಾಗಲೂ ನನಗೆ ಆಗುತ್ತಿದ್ದ ಖುಷಿ, ನನ್ನ ಶಾಲೆಯ ಯಾವ ರಿಸಲ್ಟ್ ದಿನವೂ ಆಗಿರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಫೋನು, ಅಪ್‌ಡೇಟ್ ಮಾಡಲೇ ಎಂದು ಕೇಳಿತು. ವಾರದಿಂದ ಅದೇ ಪ್ರಶ್ನೆ ಕೇಳಿ ಪ್ರಾಣ ತಿನ್ನುತ್ತಿತ್ತು. ಮಾಡಿಕೊಂಡು ಹಾಳಾಗಿ ಹೋಗು ಎಂದು ಒತ್ತಿದೆ. ಎಂಟೂವರೆಗೆಲ್ಲ ಮುಗಿಯಿತು. ಹತ್ತಕ್ಕೆ ಪಾಠ ಶುರು ಮಾಡಿದಾಗ ಹಿಂಬದಿ ಸ್ವಲ್ಪ ಬೆಚ್ಚಗಿತ್ತು, ಲಕ್ಷ್ಯ ಕೊಡಲಿಲ್ಲ.

ಅವತ್ತು ಚಮಚ ತೋರಿಸಿದೆ. ಅಕ್ಕ "ನೀರು" ಎಂದಳು. ಚಮಚ ಎಂದು ಹೇಳಿಕೊಟ್ಟು ಮತ್ತೆ ತೋರಿಸಿದೆ. "ನೀರು." ಮೂರನೆಯ ಸಲವೂ ಅದೇ. ಹಳೆಯ ಚಟ ನೋಡಿ, ಬಾಯಿಂದ ಜಾರಿಯೇಬಿಟ್ಟಿತು.

"ಎಷ್ಟ್ ಸಲಾ ಹೇಳ್ಬೇಕ ಅಕ್ಕಾ ನಿನಗ? ಲಕ್ಷ್ಯ ಎಲ್ಲಿಟ್ಟೀದಿ?"

ಅದೇ ಕ್ಷಣಕ್ಕೆ ಫೋನ್ ಕಪ್ಪಾಯಿತು. ಕೈಗೆ ತೆಗೆದುಕೊಂಡರೆ ಹಂಚಿನಿಂದ ಆಗಷ್ಟೇ ಇಳಿಸಿದ ರೊಟ್ಟಿಯಷ್ಟು ಬಿಸಿ. ತಣ್ಣಗಾಗಿ ಮತ್ತೆ ಹೊತ್ತಿಕೊಳ್ಳಲು ಅದಕ್ಕೆ ಬೇಕಾದದ್ದು ಸರಿಯಾಗಿ ಅರ್ಧ ಗಂಟೆ. ಅಂದರೆ ಅಕ್ಕ ಲ್ಯಾಂಡ್‌ಲೈನ್ ಕಾಲದಲ್ಲಿ ಕಂಡ ನನ್ನ ಲೆಕ್ಕಕ್ಕೆ ಅದು ನಿಮಿಷ ತಪ್ಪದೆ ಹೊಂದಿಕೊಂಡಿತ್ತು.

ಮತ್ತೆ ಮಾಡಿದಾಗ ಭಾವ ಎತ್ತಿದರು.

"ಆಕಿ ಒಲ್ಲೆ ಅಂತಾಳವಾ. ಕೈ ಮಾಡಿ ತೋರಸ್ಲಿಕತ್ತಾಳ."

"ಫೋನ್ ಕಾದು ತಾನ ಬಂದ್ ಆತ್ರಿ ಭಾವಾ. ನಾ ಇಟ್ಟಿಲ್ಲ ಅಂತ ಹೇಳ್ರಿ."

"ಹೇಳಿದೆ. ನಕ್ಕಳು." ಆಮೇಲೆ ದನಿ ತಗ್ಗಿಸಿ ಅಂದರು, "ನಕ್ಕಳಂದ್ರ, ಅದು ಛಲೋ ನಗು ಅಲ್ಲ."

ಮರುದಿನದಿಂದ ಅಕ್ಕ ಬಾಯಿ ತೆರೆಯುವುದನ್ನೇ ಬಿಟ್ಟಳು. ಬಂದಿದ್ದ ಹನ್ನೊಂದು ಶಬ್ದವೂ ಇಲ್ಲ. ನೀರು ಬೇಕಾದರೆ ತಂಬಿಗೆಯ ಕಡೆ ಕೈ ತೋರಿಸುತ್ತಾಳೆ ಎಂದು ಭಾವ ಹೇಳಿದರು. ಫೋನ್ ಇಟ್ಟದ್ದು ನಾನಲ್ಲ, ನಿಜ. ಆದರೆ ಹಿಂದೆ ಎಷ್ಟು ಸಲ ಇಟ್ಟವಳು ನಾನೇ ಅಲ್ಲವೇ? ಅವಳು ನಂಬದಿದ್ದರೆ ತಪ್ಪು ಅವಳದಲ್ಲ. ಅಡುಗೆಮನೆಯಲ್ಲಿ ಕೂತು ಅತ್ತೆ.

ಅತ್ತರೆ ಫೋನ್ ತಣ್ಣಗಾಗುವುದಿಲ್ಲ. ನಮ್ಮ ಮನೆಯವರು ಒದ್ದೆ ಬಟ್ಟೆ ಸುತ್ತಲು ಬಂದರು. ಅವರದು ಗುಂಡಿ ಒತ್ತುವ ಹಳೆಯ ಫೋನು, ಅದಕ್ಕೆ ಜ್ವರ ಬಂದದ್ದೇ ಇಲ್ಲ. ಹಾಗಾಗಿ ಉಪದೇಶ ಜಾಸ್ತಿ. ಅವರನ್ನು ಗದರಿಸಿ ಕಳಿಸಿ, ನಾನು ಅದನ್ನು ಫ್ರಿಜ್ಜಿನಲ್ಲಿ ಕೊತ್ತಂಬರಿ ಪಕ್ಕ ಇಟ್ಟೆ. ಎದುರು ಮನೆಯಲ್ಲಿ ಬಾಡಿಗೆಗಿರುವ ಹುಡುಗಿ ಹೆಪ್ಪಿಗೆ ಮೊಸರು ಬೇಕೆಂದು ಬಂದಳು. ಮೈಸೂರು ಕಡೆಯವಳು, ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವುದು ಅವಳ ಕೆಲಸ. ನನಗೆ ಏಳುವುದು ಕಷ್ಟವೆಂದು ತಾನೇ ಫ್ರಿಜ್ ತೆರೆದಳು.

"ಆಂಟಿ, ಇದರಲ್ಲಿ ಫೋನ್ ಇದೆ."

"ಗೊತ್ತದವಾ. ನಾನ ಇಟ್ಟೀನಿ."

"ತೆಗೀರಿ ಆಂಟಿ. ಒಳಗೆ ನೀರು ಕಟ್ಟಿಕೊಂಡ್ರೆ ಆಮೇಲೆ ಬಿಸೀನೂ ಆಗಲ್ಲ, ಆನ್ ಕೂಡ ಆಗಲ್ಲ."

ಎಲ್ಲವನ್ನೂ ಕೇಳಿಸಿಕೊಂಡಳು. ಅಪ್‌ಡೇಟ್ ಆದಮೇಲೆ ಒಂದೆರಡು ದಿನ ಫೋನ್ ಬಿಸಿಯಾಗುವುದು ಮಾಮೂಲಂತೆ. ಒಳಗಿನ ಸಾಮಾನನ್ನೆಲ್ಲ ಅದು ಹೊಸದಾಗಿ ಜೋಡಿಸಿಕೊಳ್ಳುತ್ತದಂತೆ. ಆಮೇಲೂ ಇಳಿಯದಿದ್ದರೆ ಕಾರಣ ಹುಡುಕಬೇಕು, ಆದರೆ ಒಂದು ಸಲಕ್ಕೆ ಒಂದೇ ಬದಲಾವಣೆ. "ಎಲ್ಲಾ ಒಟ್ಟಿಗೆ ಚೇಂಜ್ ಮಾಡಿದ್ರೆ ಯಾವುದರಿಂದ ಸರಿ ಹೋಯ್ತು ಅಂತಾನೇ ಗೊತ್ತಾಗಲ್ಲ ಆಂಟಿ." ಈ ಮಾತು ನನಗೆ ಬಹಳ ಹಿಡಿಸಿತು. ಇಷ್ಟು ವರ್ಷ ಹುಡುಗರಿಗೆ ನಾನು ಬಡಿದುಕೊಂಡದ್ದೂ ಇದನ್ನೇ.

ಹಳೆಯ ನೋಟುಬುಕ್ಕಿನಲ್ಲಿ ಬರೆಯುತ್ತ ಹೋದೆ. ಅವಳ ಫೋನಿಗೆ ವಿಡಿಯೋ ಕಾಲ್ ಹಚ್ಚಿ, ನನ್ನದು ಎಷ್ಟು ನಿಮಿಷಕ್ಕೆ ಕಾದು ಸತ್ತುಹೋಗುತ್ತದೆ ಎಂದು ನೋಡುವುದು. ರೆಗ್ಜಿನ್ನಿನ ಕವರ್ ತೆಗೆದೆವು: ಐದು ನಿಮಿಷ. ಚಾರ್ಜಿನ ವೈರ್ ಬಿಚ್ಚಿ ಮಾಡಿದೆವು: ಆರು. ಪರದೆಯ ಬೆಳಕು ಇಳಿಸಿದೆವು: ಆರೂವರೆ. ನಾನು ಎಲ್ಲಿದ್ದೇನೆ ಎಂದು ಹುಡುಕುವ ಗುಂಡಿ ಆರಿಸಿದೆವು. ಮೂರನೆಯ ಮಹಡಿ ಬಿಟ್ಟು ನಾನೆಲ್ಲಿಗೆ ಹೋಗುತ್ತೇನೆ? ಮತ್ತೆ ಆರು. ನಡುವೆ ನಮ್ಮ ಮನೆಯವರು ಅದನ್ನು ಕೆಳಗಿನ ರಿಪೇರಿ ಅಂಗಡಿಗೂ ಒಯ್ದು ಬಂದರು.

"ಬ್ಯಾಟರಿ ಹೋಗೇದಂತ. ಹೊಸಾ ಫೋನ್ ತಗೋರಿ ಅಂದ."

"ಬಿಚ್ಚಿ ನೋಡಿದನೇನು?"

"ಇಲ್ಲ. ಮಧ್ಯಾಹ್ನ ಒಂದು ಗಂಟೆ ಆಗಿತ್ತು, ಶಟರ್ ಎಳೀಲಿಕತ್ತಿದ್ದ."

ಪೇಠದ ಅಂಗಡಿಕಾರನ ಮಧ್ಯಾಹ್ನದ ನಿದ್ದೆಗಿಂತ ನನ್ನ ಫೋನ್ ದೊಡ್ಡದಲ್ಲ, ಒಪ್ಪುತ್ತೇನೆ. ಆದರೆ ಪರೀಕ್ಷೆ ಮಾಡದೆ ಉತ್ತರ ಬರೆದವರಿಗೆ ನಾನು ಎಂದೂ ಮಾರ್ಕು ಕೊಟ್ಟವಳಲ್ಲ.

ಶುಕ್ರವಾರ ಸಂಜೆ ಹುಡುಗಿಯ ಫೋನಿನಿಂದಲೇ ಅಕ್ಕನಿಗೆ ಮಾಡಿ ನೋಡಿದೆ. ಭಾವ ಹಿಡಿದು ತೋರಿಸಿದರು. ನನ್ನ ಮುಖ ಕಂಡದ್ದೇ ಅಕ್ಕ ಗೋಡೆಯ ಕಡೆ ತಿರುಗಿದಳು. ಅವಳ ಬಿಳಿ ಜಡೆ ಮಾತ್ರ ಕಾಣುತ್ತಿತ್ತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಶನಿವಾರ ಹುಡುಗಿಗೆ ರಜೆ. ನನ್ನ ಪಕ್ಕ ಕೂತು, ಬ್ಯಾಟರಿಯನ್ನು ಯಾರ್ಯಾರು ಎಷ್ಟೆಷ್ಟು ತಿನ್ನುತ್ತಿದ್ದಾರೆ ಎಂಬ ಪಟ್ಟಿ ತೆಗೆದಳು. ಎಲ್ಲರಿಗಿಂತ ಮೇಲೆ ಫೋಟೋಗಳ ಆ್ಯಪ್ ಕೂತಿತ್ತು. ಅದನ್ನು ತೆರೆದು ಬೆರಳಿನಿಂದ ಕೆಳಗೆ ಸರಿಸಿದಳು, ಇನ್ನೂ ಸರಿಸಿದಳು.

"ಆಂಟಿ, ಹನ್ನೊಂದು ಸಾವಿರ ಫೋಟೋ ಇದೆ. ಎಲ್ಲಾ ದೇವರು."

ಇದ್ದವು. ಮನೆತನದ ಗುಂಪು, ಭಜನೆಯ ಗುಂಪು, ಹಳೆಯ ಶಿಕ್ಷಕಿಯರ ಗುಂಪು. ಬೆಳಗಾದರೆ ಎಲ್ಲರೂ ಒಂದೊಂದು ದೇವರನ್ನು ಕಳಿಸಿ ಶುಭೋದಯ ಹೇಳುವವರೇ. ಸೋಮವಾರ ಈಶ್ವರ, ಶುಕ್ರವಾರ ಲಕ್ಷ್ಮಿ, ಶನಿವಾರ ಹನುಮಂತ. ಅಕ್ಕನಂತೂ ಲಕ್ವಾ ಹೊಡೆಯುವ ಹಿಂದಿನ ದಿನದವರೆಗೆ ಒಂದು ದಿನ ತಪ್ಪಿಸಿರಲಿಲ್ಲ. ನಾಲ್ಕು ವರ್ಷದಿಂದ ನಾನು ಒಂದನ್ನೂ ಅಳಿಸಿರಲಿಲ್ಲ. ಅಳಿಸಬೇಕಾದರೆ ಕಸದ ಡಬ್ಬಿಯ ಚಿತ್ರ ಒತ್ತಬೇಕು. ದೇವರನ್ನು ಕಸದ ಡಬ್ಬಿಗೆ ಹಾಕುವ ಕೈ ನನ್ನದಲ್ಲ. ಧಾರವಾಡದ ನಮ್ಮ ಮನೆಯಲ್ಲಿ ವರ್ಷ ಮುಗಿದ ಕ್ಯಾಲೆಂಡರಿನ ದೇವರನ್ನೂ ಅವ್ವ ಕತ್ತರಿಸಿ ತೆಗೆದಿಟ್ಟು, ಅರಳಿಕಟ್ಟೆಗೆ ಒಯ್ದು ಇಟ್ಟು ಬರುತ್ತಿದ್ದಳು.

ಹೊಸ ಅಪ್‌ಡೇಟಿಗೆ ಮುಖ ಗುರುತಿಸುವ ಹುಚ್ಚು ಹತ್ತಿತ್ತು. ಹನ್ನೊಂದು ಸಾವಿರ ಚಿತ್ರದಲ್ಲೂ ಮುಖ ಹುಡುಕಿ, ಒಂದೇ ಮನುಷ್ಯನವನ್ನೆಲ್ಲ ಒಂದು ಕಡೆ ಕೂಡಿಸಲು ಹೆಣಗುತ್ತಿತ್ತು. ಜಾಗವೆಲ್ಲ ತುಂಬಿಹೋದದ್ದರಿಂದ ಕೆಲಸ ಅರ್ಧಕ್ಕೆ ನಿಲ್ಲುವುದು, ಮತ್ತೆ ಮೊದಲಿನಿಂದ ಶುರುವಾಗುವುದು. ಹುಡುಗಿ ಒಂದು ಪುಟ ತೋರಿಸಿದಳು. ಅಲ್ಲಿ ಲಕ್ಷ್ಮಿ ಮತ್ತು ಸರಸ್ವತಿಯರನ್ನು ಪಕ್ಕಪಕ್ಕ ಇಟ್ಟು, ಇವರಿಬ್ಬರೂ ಒಬ್ಬರೇನಾ ಎಂದು ಫೋನ್ ಕೇಳುತ್ತಿತ್ತು. ಅದರ ಕೆಳಗೆ ಕೃಷ್ಣ ಮತ್ತು ವಿಷ್ಣು, ಅದೇ ಪ್ರಶ್ನೆ. ಅದ್ವೈತಿಗಳ ಮನೆಯ ಫೋನಾಗಿದ್ದರೆ ಎಲ್ಲಕ್ಕೂ ಹೌದು ಎಂದು ಒತ್ತಿ ಕೈತೊಳೆದುಕೊಳ್ಳಬಹುದಿತ್ತು. ನಮ್ಮ ಮನೆಯಲ್ಲಿ ಅಷ್ಟು ಸುಲಭವಿಲ್ಲ. ಎಷ್ಟೋ ದಿನಗಳ ನಂತರ ಅವತ್ತು ನಕ್ಕೆ.

ನಗು ಮುಗಿದ ಮೇಲೆ ಸಂಕಟ. ಅಳಿಸದೆ ಗತಿಯಿಲ್ಲ, ಅಳಿಸಲು ಮನಸ್ಸಿಲ್ಲ. ಹುಡುಗಿ ನನ್ನನ್ನು ಗೇಲಿ ಮಾಡಲಿಲ್ಲ, ಅದಕ್ಕೆ ಅವಳ ಬಗ್ಗೆ ನನಗೆ ಇವತ್ತಿಗೂ ಗೌರವ.

"ಗಣಪತೀನ ಕಳಿಸಿಕೊಡ್ತೀರಲ್ವಾ ಆಂಟಿ? ಹಾಗೇ ಕಳಿಸಿಕೊಡಿ. ನಾನು ಡಿಲೀಟ್ ಮಾಡ್ತೀನಿ, ನೀವು ಮಂತ್ರ ಹೇಳಿ."

ಸರಿ ಅನ್ನಿಸಿತು. ಆದರೆ ಅವುಗಳಲ್ಲಿ ಸಾವಿರಕ್ಕೂ ಮೇಲೆ ಅಕ್ಕ ಕಳಿಸಿದವು. ನಮ್ಮಲ್ಲಿ ಗಣಪತಿ ವಿಸರ್ಜನೆಯ ದಿನ ಮಂತ್ರ ಹೇಳಿ ಅಕ್ಷತೆ ಹಾಕಿ ಕಳಿಸಿಕೊಡುವವಳೂ ಅವಳೇ. ನಾನು ಮಂಗಳಾರತಿ ಹಿಡಿದು ನಿಲ್ಲುವವಳು. ಹುಡುಗಿಯ ಫೋನಿನಿಂದ ಭಾವನಿಗೆ ಮಾಡಿದೆ. ಅಕ್ಕ ಗೋಡೆಯ ಕಡೆಗೇ ಇದ್ದಳು.

"ಅಕ್ಕಾ, ಮಾತಾಡಬ್ಯಾಡ. ನೀ ಕಳಿಸಿದ ದೇವರ್ನ ನೀ ಇಲ್ಲದ ಹೆಂಗ ಕಳಿಸಿಕೊಡ್ಲಿ? ಬರೇ ಕೂಡು."

ಅವಳು ನಿಧಾನವಾಗಿ ಈ ಕಡೆ ತಿರುಗಿದಳು. ಮುಖದಲ್ಲಿ ಬಿಗಿ ಹಾಗೇ ಇತ್ತು. ನಾನು ಅಕ್ಷತೆ ಹಿಡಿದು ವಿಸರ್ಜನೆಯ ಮಂತ್ರ ಶುರು ಮಾಡಿದೆ. ಅವಳು ನೋಡುತ್ತಿದ್ದಾಳೆಂಬ ಗಾಬರಿಗೆ ನಡುವೆ ತಪ್ಪಿಹೋಯಿತು. ಮತ್ತೆ ಮೊದಲಿನಿಂದ ಹಿಡಿದೆ, ಮತ್ತೆ ಅಲ್ಲೇ ನಿಂತೆ. ಆಗ ಆ ಕಡೆಯಿಂದ ಸಣ್ಣ ದನಿಯಲ್ಲಿ ಮುಂದಿನ ಸಾಲು ಬಂತು. ಅದರ ಮುಂದಿನದೂ ಬಂತು. ಒಂದು ಅಕ್ಷರ ತಡವರಿಸದೆ "ಪುನರಾಗಮನಾಯ ಚ"ವರೆಗೆ ಅಕ್ಕ ಹೇಳಿ ಮುಗಿಸಿದಳು. ಭಾವ ಫೋನನ್ನು ಅವಳ ಮುಖದ ಹತ್ತಿರಕ್ಕೆ ತಂದರು. ಅಕ್ಕ ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಂಡಳು. ಬಾಯಿಪಾಠದ ಮಾತು ಹೀಗೆ ಉಳಿಯುವುದುಂಟು, ಅದರ ಬೆನ್ನಿಗೆ ಉಳಿದದ್ದೂ ಬರಬಹುದು ಎಂದು ಡಾಕ್ಟರು ಆಮೇಲೆ ಹೇಳಿದರು. ಆಗ ನಮಗೆ ಅದೇನೂ ಗೊತ್ತಿರಲಿಲ್ಲ. ಮೂವರೂ ಅಳುತ್ತಿದ್ದೆವು, ಹುಡುಗಿ ಅಳಿಸುತ್ತಿದ್ದಳು.

ಅಳಿಸಿದ್ದು ಮೂವತ್ತು ದಿನ ಕಸದ ಡಬ್ಬಿಯಲ್ಲೇ ಇರುತ್ತದಂತೆ. ತಿಂಗಳಿಡೀ ದೇವರು ಕಸದಲ್ಲಿ ಕೂಡುವುದು ಬೇಡ ಎಂದು ಅದನ್ನೂ ಆಗಲೇ ಖಾಲಿ ಮಾಡಿಸಿದೆ. ಮಂತ್ರ ಚೆನ್ನಾಗಿಯೇ ಫಲಿಸಿತು: ಮರುದಿನ ಬೆಳಿಗ್ಗೆ ಎಂಟು ದೇವರು ಪುನರಾಗಮನ ಮಾಡಿದರು. ಬಂದವರು ತಾವಾಗಿ ಒಳಗೆ ಇಳಿಯದಂತೆ ಹುಡುಗಿ ವ್ಯವಸ್ಥೆ ಮಾಡಿಟ್ಟಿದ್ದಳು. ಈಗ ಹೊರಗಿನಿಂದಲೇ ಕೈಮುಗಿಯುತ್ತೇನೆ.

ಭಾನುವಾರವಿಡೀ ಫೋನನ್ನು ಮುಟ್ಟಿ ಮುಟ್ಟಿ ನೋಡಿದೆ. ಸಂಜೆಗೆ ಜ್ವರ ಇಳಿದಿತ್ತು. ಸೋಮವಾರ ಹತ್ತಕ್ಕೆ ನನ್ನ ಫೋನಿನಿಂದಲೇ ಮಾಡಿದೆ. ಅಕ್ಕ ಭರಣಿಯ ಎದುರು ಬಂದು ಕೂತಳು. ಬಾಚಣಿಗೆ ಬಂತು, ಬೀಗ ಬಂತು. ಏಳು ನಿಮಿಷ ದಾಟಿತು, ಹತ್ತು ದಾಟಿತು, ಫೋನ್ ಬರೀ ಬೆಚ್ಚಗಿತ್ತು. ಆಮೇಲೆ ಚಮಚ ಎತ್ತಿದೆ.

"ನೀರು" ಎಂದಳು ಅಕ್ಕ.

ಚಮಚ ಎಂದು ಮೆತ್ತಗೆ ಹೇಳಿಕೊಟ್ಟೆ. ಮತ್ತೆ ನೀರು. ಮೂರನೆಯ ಸಲವೂ ನೀರು. ನಾನು ತುಟಿ ಕಚ್ಚಿ ಹಿಡಿದು, ದೇವರೇ ಈ ಬಾಯಿ ಮುಚ್ಚಿಸು ಎಂದುಕೊಳ್ಳುತ್ತ ಸುಮ್ಮನೆ ಕೂತೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳ ತುಟಿ ಎರಡು ಸಲ ಅಲುಗಿ ನಿಂತಿತು.

"ಸಿಟ್ಟು... ಮಾಡು," ಎಂದಳು. ಉಸಿರು ಎಳೆದುಕೊಂಡು ಮತ್ತೆ, "ಫೋನ್... ಇಡಬ್ಯಾಡ."

ಇದು ನಾನು ಕಲಿಸಿದ್ದಲ್ಲ. ನನ್ನ ಪಟ್ಟಿಯಲ್ಲಿದ್ದವೆಲ್ಲ ಬರೀ ವಸ್ತುಗಳ ಹೆಸರು. ಲಕ್ವಾ ಹೊಡೆದ ಮೇಲೆ ಅವಳು ತಾನಾಗಿ ಆಡಿದ ಮೊದಲ ಮಾತು ಇದು.

"ಇಡಂಗಿಲ್ಲಕ್ಕಾ. ಇನ್ನ ಎಂದೂ ಇಡಂಗಿಲ್ಲ," ಅಂದೆ. ಲ್ಯಾಂಡ್‌ಲೈನಿನಲ್ಲಿ ಕುಕ್ಕಿದ್ದಕ್ಕೆಲ್ಲ ಒಟ್ಟಿಗೇ ತಪ್ಪಾಯಿತು ಎಂದೆ. ಅವಳು ಕೈ ಬೀಸಿ ಅದನ್ನೆಲ್ಲ ಆಚೆ ಸರಿಸಿದಳು. ಇಪ್ಪತ್ತು ನಿಮಿಷದ ಪಾಠ ಒಂದೂವರೆ ಗಂಟೆ ನಡೆಯಿತು. ನೋಡಿದರೆ ಫೋನಿನಲ್ಲಿ ಚಾರ್ಜು ಶೇಕಡಾ ಎರಡೇ ಉಳಿದಿದೆ, ವೈರ್ ಒಳಕೋಣೆಯಲ್ಲಿದೆ, ನನಗೆ ಕೂಡಲೇ ಎದ್ದು ಹೋಗಲು ಬರುವುದಿಲ್ಲ. ನನಗೆ ಮತ್ತೆ ಅದೇ ಹೆದರಿಕೆ.

"ಅಕ್ಕಾ, ಈಗ ಇದು ತಾನ ಬಂದ್ ಆಗ್ತದ ನೋಡು. ಚಾರ್ಜ್ ತೀರೇದ. ನಾ ಇಟ್ಟಿದ್ದಲ್ಲ."

ಅಕ್ಕ ಭರಣಿಯ ಹತ್ತಿರ ಮುಖ ತಂದು ನಕ್ಕಳು.

"ಗೊತ್ತದ," ಎಂದಳು. ಫೋನ್ ಆರಿತು.