ಏಳನೆಯ ಸೇಬಿನ ಮುಖ

ಅರ್ಲೀನ್ ಸ್ಟೌಫರ್ ಮಾಡುವ ಮಾಟಗಾತಿ ಬೊಂಬೆಗಳನ್ನು ನೋಡಿ ಒಮ್ಮೆಯಾದರೂ ಅಳದ ಮಗು ನಮ್ಮ ಕೆಸ್ಲರ್ ಗ್ಯಾಪ್ ಊರಿನಲ್ಲಿಲ್ಲ. ಅಕ್ಟೋಬರಿನ ಕೊನೆಯ ಶನಿವಾರ ಫೈರ್ ಇಂಜಿನ್ ಶೆಡ್ಡಿನ ಪಕ್ಕದ ಸಭಾಂಗಣದಲ್ಲಿ ದೆವ್ವಗಳ ಹಬ್ಬ ಹ್ಯಾಲೋವೀನಿನ ಊಟ. ಅಡುಗೆಮನೆ ನನ್ನ ಕೈಲಿ, ಉದ್ದ ಮೇಜಿನ ನಡುವಿನ ಅಲಂಕಾರ ಅವಳ ಕೈಲಿ. ಇಪ್ಪತ್ತಾರು ವರ್ಷದಿಂದ ಹೀಗೇ ನಡೆದಿದೆ. ಬೇರೆ ಊರಿನವರು ಅಂಗಡಿಯಿಂದ ಪ್ಲಾಸ್ಟಿಕ್ ಅಸ್ಥಿಪಂಜರ ತಂದು ಮಲಗಿಸಿ ಕೈ ತೊಳೆದುಕೊಳ್ಳುತ್ತಾರೆ. ನಮ್ಮಲ್ಲಿ ಹಾಗೆ ಮಾಡಿದರೆ ಜನ ಊಟ ಬಿಟ್ಟು ಎದ್ದು ಹೋದಾರು.

ನಡುವೆ ಕಬ್ಬಿಣದ ಕರಿ ಹಂಡೆ, ಅದರೊಳಗೆ ಮೇಣದಬತ್ತಿ. ಸುತ್ತ ಮುಸುಕಿನ ಜೋಳದ ಒಣಗರಿ, ಗಂಟುಗಂಟಾದ ಪುಟ್ಟ ಕುಂಬಳಕಾಯಿಗಳು, ಏಳು ಮಾಟಗಾತಿಯರು. ಮೈ ತಂತಿಯದು, ಬಟ್ಟೆ ಹಳೇ ಲಂಗದ್ದು, ತಲೆ ಸೇಬಿನದು. ಸೇಬಿನ ಸಿಪ್ಪೆ ತೆಗೆದು, ಮೂಗು ದಪ್ಪ ಬಿಟ್ಟು, ಕಣ್ಣಿನ ಗುಳಿ ಆಳವಾಗಿ ತೋಡಿ, ಉಪ್ಪು ಬೆರೆಸಿದ ನಿಂಬೆರಸದಲ್ಲಿ ಅದ್ದಿ, ಒಲೆಯ ಮೇಲೆ ದಾರದಲ್ಲಿ ತೂಗುಹಾಕಬೇಕು. ಮೂರು ವಾರಕ್ಕೆ ಸುಕ್ಕುಗಟ್ಟಿ ಮುದುಕಿಯ ಮುಖವಾಗುತ್ತದೆ. ಯಾವ ಮುದುಕಿ ಎನ್ನುವುದು ಮಾತ್ರ ಚಾಕು ಹಿಡಿದವರ ಕೈಲಿಲ್ಲ. ಒಂದು ವರ್ಷ ನಮ್ಮ ಪಾದ್ರಿಯ ಹೆಂಡತಿಯಂಥದೇ ಒಂದು ಮುಖ ಬಂದು, ಆಕೆ ಎರಡು ತಿಂಗಳು ಅರ್ಲೀನಳನ್ನು ಮಾತಾಡಿಸಲಿಲ್ಲ.

ಎರಡು ತಿಂಗಳು ಅರ್ಲೀನಳಿಗೆ ಯಾವ ಲೆಕ್ಕ? ಒಡಹುಟ್ಟಿದ ಅಕ್ಕ ಫೀಬಿಯ ಜೊತೆ ಹನ್ನೊಂದು ವರ್ಷ ಮಾತು ಬಿಟ್ಟವಳು ಅವಳು. ಅಮ್ಮನನ್ನು ಮಣ್ಣು ಮಾಡಿ ಬಂದ ದಿನದ ಊಟದಲ್ಲಿ ಫೀಬಿ ಎಲ್ಲರೆದುರು, ಅರ್ಲೀನ್ ತಂದ ಹಣ್ಣಿನ ಪೈಯ ಹಿಟ್ಟು ಅಂಗಡಿಯದು, ಕೈಯಲ್ಲಿ ಕಲಸಿದ್ದಲ್ಲ ಎಂದುಬಿಟ್ಟಳು. ಅಂಗಡಿಯದೇ ಆಗಿತ್ತು, ಅದಕ್ಕೇ ಅಷ್ಟು ಉರಿದದ್ದು. ಫೀಬಿಯ ಮನೆ ಬೆಟ್ಟದಾಚೆ, ಕಾರಿನಲ್ಲಿ ನಲವತ್ತು ನಿಮಿಷ. ಇವಳು ಹೋಗಲಿಲ್ಲ, ಅವಳು ಬರಲಿಲ್ಲ. ಹೋದ ಮಾರ್ಚಿನಲ್ಲಿ ಫೀಬಿ ತೀರಿಕೊಂಡಳು. ಅರ್ಲೀನ್ ಕೆನೆ ಹಾಕಿ ಆಲೂಗಡ್ಡೆ ಬೇಯಿಸಿ, ಪಾತ್ರೆ ಮುಚ್ಚಿ ಕಾರಿನಲ್ಲಿಟ್ಟುಕೊಂಡು ಸಾವಿನ ಮನೆಗೆ ಹೊರಟವಳು ರೈಲು ಗೇಟಿನ ಹತ್ತಿರ ಕಾರು ತಿರುಗಿಸಿಕೊಂಡು ಬಂದಳು. ಆ ಆಲೂಗಡ್ಡೆ ನನ್ನ ಮನೆಗೆ ಬಂತು. ನಾನು ಬಾಯಿಗೆ ಬಂದಂತೆ ಬೈದೆ, ತಿನ್ನಲೂ ತಿಂದೆ.

ಈ ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಫೋನ್ ಮಾಡಿದಳು.

"ಹಿಲ್ಡಾ, ಸ್ವಲ್ಪ ಬಂದು ಹೋಗೇ. ಅಡುಗೆಮನೇಲಿ ಒಬ್ಬಳೇ ಕೂರೋಕಾಗ್ತಿಲ್ಲ."

ಹೋದೆ. ಒಲೆಯ ಮೇಲೆ ಏಳು ತಲೆ ತೂಗುತ್ತಿದ್ದವು. ಏಳನೆಯದಕ್ಕೆ ಪಾತ್ರೆ ಒರೆಸುವ ಬಟ್ಟೆ ಮುಚ್ಚಿತ್ತು.

"ಅದೇನು ಅದೊಂದಕ್ಕೆ ಮರ್ಯಾದೆ?" ಎಂದೆ.

"ತೆಗೆದು ನೋಡು."

ತೆಗೆದೆ. ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು, ಬಾಯಿಯ ಒಂದು ತುದಿ ಮೇಲಕ್ಕೆದ್ದಿತ್ತು. ನಾನು ಕಂಡ ಕಾಲದಲ್ಲಿ, ಯಾರನ್ನಾದರೂ ಆಡಿಕೊಳ್ಳುವ ಮುಂಚೆ ಫೀಬಿ ಹೀಗೇ ನೋಡುತ್ತಿದ್ದಳು. ಬಟ್ಟೆಯನ್ನು ಮತ್ತೆ ಮುಚ್ಚಿದೆ.

"ನನ್ನ ಕುರ್ಚಿ ಕಡೆಗೇ ತಿರುಗ್ತಾಳೆ ಕಣೇ," ಎಂದಳು ಅರ್ಲೀನ್. "ಗೋಡೆ ಕಡೆ ಮಾಡಿ ಹೋಗ್ತೀನಿ. ಬಂದು ನೋಡಿದ್ರೆ ಬಟ್ಟೆ ಕೆಳಗೆ, ಮುಖ ಇತ್ಲಾಗೆ."

"ದಾರದ ಹುರಿ ಬಿಚ್ಕೊಳ್ಳುತ್ತೆ ಮಾರಾಯ್ತಿ. ಒಲೆ ಶಾಖಕ್ಕೆ ತಿರುಗುತ್ತೆ."

"ಉಳಿದ ಆರು ಯಾಕೆ ತಿರುಗಲ್ಲ?"

"ಹಾಗಾದ್ರೆ ಒಲೆಗೆ ಹಾಕು, ಪೀಡೆ ತೊಲಗಲಿ," ಎಂದೆ.

"ಹಾಕೋಕೆ ಹೋದೆ. ಕೈ ಬರ್ಲಿಲ್ಲ." ಅವಳು ಏಪ್ರನ್ನಿನ ಅಂಚನ್ನು ಹಿಂಡುತ್ತಿದ್ದಳು. "ವಯಸ್ಸಾದ್ಮೇಲೆ ಅವಳು ಹೇಗಿದ್ಲು ಅಂತ ನಾನು ನೋಡೇ ಇಲ್ಲ. ಹೀಗೇ ಇದ್ಲಾ? ಅಷ್ಟು ಗೊತ್ತಾದ್ರೆ ಸಾಕು. ಹೌದು ಅಂದ್ರೆ ಅವಳೇ ಬಂದು ಮುಖ ತೋರಿಸಿದ್ಲು ಅಂತಾಯ್ತು. ಕೋಪ ಬಿಟ್ಟಿದಾಳೆ ಅಂತಾಯ್ತು. ಮೆಲ್ವಿನ್‌ನ ಊಟಕ್ಕೆ ಕರಿ. ನಾನು ಕರೆದ್ರೆ ಬರಲ್ಲ."

ಮೆಲ್ವಿನ್ ಎಂದರೆ ಫೀಬಿಯ ಗಂಡ.

"ಕರೆದು? ಇದು ನಿನ್ನ ಹೆಂಡ್ತಿನಾ ನೋಡಪ್ಪ ಅಂತ ಕೇಳ್ತೀಯಾ?"

"ಕೇಳಲ್ಲ. ಎದುರಿಗೆ ಇಡ್ತೀನಿ. ತಾನಾಗೇ ಗುರುತು ಹಿಡೀಲಿ."

ಹುಚ್ಚು ಎನಿಸಿತು. ಆದರೂ ಕರೆದೆ. ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿದ್ದನ್ನು ನೋಡಿಯೂ ಇಲ್ಲ ಎನ್ನುವಷ್ಟು ಕಲ್ಲೆದೆ ನನ್ನದಲ್ಲ.

ಶನಿವಾರ ನಾಲ್ಕು ಗಂಟೆಗೇ ಮೆಲ್ವಿನ್ ಬಂದ. ಇಸ್ತ್ರಿ ಮಾಡಿದ ಅಂಗಿ, ಗುಂಡಿ ಮಾತ್ರ ಒಂದು ಮನೆ ತಪ್ಪಿ ಹಾಕಿದ್ದ. ಹೇಳಲು ಮನೆಯಲ್ಲಿ ಯಾರೂ ಇಲ್ಲವಲ್ಲ ಎಂದು ನನಗೆ ಸಂಕಟವಾಯಿತು. ಅವನನ್ನು ಏಳನೆಯ ಮಾಟಗಾತಿಯ ನೇರಕ್ಕೆ ಕೂರಿಸಿದೆ. ಅರ್ಲೀನ್ ಪಕ್ಕದಲ್ಲಿ ಕೂತಳು. ಸಭಾಂಗಣದ ದೀಪ ಆರಿಸಿ ಹಂಡೆಯ ಬತ್ತಿ ಹಚ್ಚಿದರು. ಏಳು ಮುದುಕಿಯರ ನೆರಳು ಗೋಡೆ ಹತ್ತಿತು. ಮಕ್ಕಳ ಗಲಾಟೆ ಒಮ್ಮೆಲೇ ನಿಂತುಹೋಯಿತು.

ಮೆಲ್ವಿನ್ ಹುರುಳಿಕಾಯಿ ಬೀಜದ ಸೂಪು ಕುಡಿದ. ಹ್ಯಾಮ್ ಮಾಂಸ ಚೆನ್ನಾಗಿ ಬೆಂದಿದೆ ಎಂದ. ಉಪ್ಪಿನ ಡಬ್ಬಿ ತೆಗೆದುಕೊಳ್ಳಲು ಮಾಟಗಾತಿಯನ್ನು ಎರಡು ಬೆರಳಲ್ಲಿ ಆಚೆ ಸರಿಸಿದ. ಅದು ಅರ್ಲೀನಳ ಕಡೆಗೆ ಮುಖ ಮಾಡಿ ನಿಂತಿತು. ಅವನು ಮತ್ತೆ ಸೂಪಿಗೆ ಬಗ್ಗಿದ. ಅರ್ಲೀನಳ ಚಮಚ ತಟ್ಟೆಯಿಂದ ಮೇಲೆದ್ದಿರಲೇ ಇಲ್ಲ.

"ಮೆಲ್ವಿನ್," ಎಂದಳು ಕೊನೆಗೆ. "ಇವಳನ್ನ ಒಂಚೂರು ಸರಿಯಾಗಿ ನೋಡು."

ಅವನು ಕನ್ನಡಕ ಹಾಕಿಕೊಂಡು ಬೊಂಬೆಯನ್ನು ಬೆಳಕಿಗೆ ಹಿಡಿದ. ಹಿಂದೆ ಮುಂದೆ ತಿರುಗಿಸಿ ನೋಡಿದ. ಮೇಲಕ್ಕೆದ್ದ ಆ ಬಾಯಿಯ ತುದಿ ಕಂಡ ಮೇಲೆ, ಯಾಕೆ ಕೇಳುತ್ತಿದ್ದಾಳೆಂದು ಅವನಿಗೆ ಹೊಳೆಯಿತು.

"ಇಲ್ಲ ಅರ್ಲೀನ್. ಫೀಬಿ ಹೀಗಿರ್ಲಿಲ್ಲ. ಕೊನೇಲಿ ಮುಖದಲ್ಲಿ ಒಂದು ಸುಕ್ಕೂ ಇರ್ಲಿಲ್ಲ. ಔಷಧಿಗೆ ಊದ್ಕೊಂಡು ದುಂಡಗಾಗಿಬಿಟ್ಟಿತ್ತು. ನೋಡ್ದೋರಿಗೆ ಗುರುತೇ ಸಿಗ್ತಿರ್ಲಿಲ್ಲ."

ಮೆಲ್ವಿನ್ ಬೊಂಬೆಯನ್ನು ಮೆಲ್ಲಗೆ ಕೆಳಗಿಟ್ಟ.

"ಅವಳಿಗೂ ನಿಂದೇ ಧ್ಯಾನ. ಅರ್ಲೀನ್ ಈಗ ಹೇಗಾಗಿದಾಳೋ, ಒಂದ್ಸಲ ನೋಡ್ಬೇಕು ಅಂದ್ಲು. ಫೆಬ್ರವರೀಲಿ ಕರ್ಕೊಂಡು ಬಂದಿದ್ದೆ. ಪೋಸ್ಟಾಫೀಸಿನ ಎದುರು ವ್ಯಾನ್ ನಿಲ್ಸಿದ್ದೆ, ನೀನು ಮೆಟ್ಟಿಲು ಇಳೀತಿದ್ದೆ. ಇಳಿಯೋ ಶಕ್ತಿ ಅವಳಿಗಿಲ್ಲ. ನಿನ್ನ ಕೂಗ್ತೀನಿ ಅಂದೆ, ಬೇಡ ಅಂದ್ಲು. ಅವಳಾಗೇ ನೋಡ್ಲಿ, ನೋಡಿದ್ರೆ ಬರ್ತಾಳೆ ಅಂದ್ಲು. ನೀನು ನೋಡ್ಲಿಲ್ಲ. ನಾವು ವಾಪಸ್ ಹೋದ್ವಿ."

"ನೋಡ್ದೆ," ಎಂದಳು ಅರ್ಲೀನ್.

ಪೈ ಹಂಚುತ್ತಿದ್ದ ನನ್ನ ಕೈ ನಿಂತಿತು.

"ಹಸಿರು ವ್ಯಾನ್. ನಿಂದು ಅಂತ ಗೊತ್ತಾಯ್ತು, ರಾಜಿ ಮಾಡಿಸೋಕೆ ಬಂದಿದ್ದೀಯ ಅಂದ್ಕೊಂಡೆ." ಅವಳ ದನಿ ನನಗೇ ಸರಿಯಾಗಿ ಕೇಳುತ್ತಿರಲಿಲ್ಲ. "ಹಿಂದಿನ ಸೀಟಲ್ಲಿ ಯಾರೋ ದುಂಡು ಮುಖದವಳು ಕೂತಿದ್ಲು. ಯಾರೋ ಪರವೂರಿನವಳು ಅಂದ್ಕೊಂಡೆ. ನನ್ನನ್ನೇ ನೋಡ್ತಿದ್ಲು, ಮೆಲ್ವಿನ್. ಕೈ ಎತ್ತಿದ್ಲು. ನಾನು ಮುಖ ತಿರುಗಿಸ್ಕೊಂಡು ಸೇತುವೆ ಕಡೆಯಿಂದ ಸುತ್ಕೊಂಡು ಹೋದೆ."

ಮೆಲ್ವಿನ್ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ.

"ಹೌದು," ಎಂದ. "ಎತ್ತಿದ್ಲು."