ಮಡಿಚಿಟ್ಟ ಚಾಕುಗಳ ಚರಿತ್ರೆ

ನನ್ನ ಹತ್ತಿರ ಒಂದು ಬೀರು ತುಂಬ ಚಾಕುಗಳಿವೆ ಎಂದು ಹೇಳಿದ ಕೂಡಲೇ ಎದುರಿಗಿದ್ದವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಅಂಚೆಚೀಟಿ ಕೂಡಿಡುವವನನ್ನು ಸಂಭಾವಿತ ಎನ್ನುತ್ತಾರೆ. ಹಳೆ ನಾಣ್ಯ ಕೂಡಿಡುವವನನ್ನು ಕರೆದು ಶಾಲು ಹೊದಿಸುತ್ತಾರೆ. ಚಾಕು ಕೂಡಿಡುವವನ ಮನೆಗೆ ಮಾತ್ರ ಯಾರೂ ಒಬ್ಬರೇ ಬರುವುದಿಲ್ಲ. ಅದರ ಮೇಲೆ ನಾನು ಹೊಸದುರ್ಗದಲ್ಲಿ ವಕೀಲ. ಕಕ್ಷಿದಾರರು ನನ್ನ ಬೀರು ನೋಡಿ, ಇವೆಲ್ಲ ಹಳೆಯ ಕೇಸುಗಳಲ್ಲಿ ಫೀಸಿನ ಬದಲು ಬಂದವಿರಬೇಕು ಎಂದುಕೊಳ್ಳುತ್ತಾರೆ. ನಾನೂ ತಿದ್ದಲು ಹೋಗಿಲ್ಲ. ವಕೀಲನಿಗೆ ಅಂಥ ಹೆಸರಿದ್ದರೆ ನಷ್ಟವೇನಿಲ್ಲ.

ನಿಜಕ್ಕೂ ಅವು ಬಡಪಾಯಿ ಚಾಕುಗಳು. ಬೆರಳುದ್ದದ ಅಲಗು, ಮಡಿಚಿದರೆ ಹಿಡಿಯೊಳಗೆ ಅಡಗಿ ಜೇಬಿನಲ್ಲಿ ಕೂರುವಂಥವು. ಒಂದು ಕಾಲದಲ್ಲಿ ಪೆನ್ಸಿಲ್ ಕೆತ್ತಿ, ಮಾವಿನಕಾಯಿ ಹೆಚ್ಚಿ, ಗೋಣಿಚೀಲದ ಹೊಲಿಗೆ ಬಿಚ್ಚಿ ನಿವೃತ್ತಿಯಾದವು. ಅರ್ಧಕ್ಕರ್ಧ ತೆರೆಯುವುದಿಲ್ಲ, ತೆರೆದವು ಮಡಿಚುವುದಿಲ್ಲ. ನನ್ನ ಹೆಂಡತಿ ಪಾರ್ವತಿಗೆ ಈ ಬಗ್ಗೆ ತನ್ನದೇ ತಕರಾರಿದೆ. "ಮನೆ ತುಂಬ ಚಾಕು ಅವೆ, ಒಂದು ಟೊಮೆಟೊ ಹೆಚ್ಚಾಕೆ ಆಗಲ್ಲ. ಇದೇನ್ ಬೀರು ಅಂತೀರೋ, ವೃದ್ಧಾಶ್ರಮ ಅಂತೀರೋ" ಎಂದು ಈಳಿಗೆಮಣೆ ಹಾಕಿಕೊಂಡು ಕೂರುತ್ತಾಳೆ.

ಈ ಹುಚ್ಚಿನಲ್ಲಿ ನನ್ನ ಪಾಲುದಾರ ರುದ್ರಣ್ಣ. ಹೊಳಲ್ಕೆರೆಯಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಮಠದ ಹಾಸ್ಟೆಲಿನಲ್ಲಿ ಇಬ್ಬರೂ ಒಂದೇ ಟ್ರಂಕಿಗೆ ಒಂದೇ ಬೀಗ ಹಾಕಿಕೊಂಡು ಓದಿದವರು. ಇಡೀ ಜಿಲ್ಲೆಯಲ್ಲಿ ನನ್ನನ್ನು "ಲೇ" ಎಂದು ಕರೆಯುವ ಹಕ್ಕು ಉಳಿದಿರುವುದು ಅವನೊಬ್ಬನಿಗೆ. ಭಾನುವಾರ ಬಂತೆಂದರೆ ನಾವಿಬ್ಬರೂ ಅವನ ಬೈಕಿನಲ್ಲಿ ಸಂತೆ, ಗುಜರಿ, ಹಳೆ ಮನೆ ಅಂತ ಸುತ್ತುತ್ತೇವೆ. ಒಂದು ಚಾಕು ಸಿಕ್ಕರೆ ಅದಕ್ಕೊಂದು ಚರಿತ್ರೆ ಹುಟ್ಟಿಸುವ ತನಕ ಊಟ ಸೇರುವುದಿಲ್ಲ.

ಚರಿತ್ರೆ ಹುಟ್ಟಿಸುವುದು ಎಂದೆನಲ್ಲ, ಅದರ ಕ್ರಮವನ್ನೂ ಹೇಳಿಬಿಡುತ್ತೇನೆ. ಕೋರ್ಟಿನಲ್ಲಿ ನಾನು ಒಂದು ಕ್ರಯಪತ್ರದ ಸಹಿಯನ್ನೂ ಸುಮ್ಮನೆ ಒಪ್ಪುವವನಲ್ಲ, ಸಾಕ್ಷಿ ಎಲ್ಲಿ ಎಂದು ಕೇಳಿ ಎದುರಾಳಿಯ ಬೆವರಿಳಿಸುತ್ತೇನೆ. ಮನೆಗೆ ಬಂದು ಕರಿಕೋಟು ಕಳಚಿದ ಮೇಲೆ, ಗುಜರಿಯವನು "ಭಾಳ ಹಳೇದು ಸಾರ್" ಎಂದರೆ ಸಾಕು, ನನಗೆ ಶಿಲಾಶಾಸನ ಸಿಕ್ಕಷ್ಟು ಸಂತೋಷ. ಅಲಗಿನ ಮೇಲೆ ಸವೆದ ಒಂದು ಇಂಗ್ಲಿಷ್ ಅಕ್ಷರ ಕಂಡರೆ, ಚಾಕುಗಳಿಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡ್‌ನಿಂದ ಹಡಗು ಹತ್ತಿಸಿ, ಯಾವನೋ ಸರ್ವೇ ದೊರೆಯ ಜೇಬಿನಲ್ಲಿ ಇಳಿಸಿ, ಅವನನ್ನು ಕುದುರೆ ಮೇಲೆ ಹಿರಿಯೂರಿಗೆ ತಂದು, ಅಲ್ಲಿ ಚಾಕು ಬೀಳಿಸಿ ವಾಪಸ್ಸು ಕಳಿಸುತ್ತೇನೆ. ಅಷ್ಟೊಂದು ದೊರೆಗಳು ಅಷ್ಟೊಂದು ಚಾಕು ಬೀಳಿಸಿಕೊಂಡು ಹೋಗಿದ್ದರೆ ಅವರ ಸಾಮ್ರಾಜ್ಯ ಇನ್ನೂ ಮೊದಲೇ ಮುಳುಗಬೇಕಿತ್ತು.

ರುದ್ರಣ್ಣನ ಪಂಥ ಬೇರೆ. ಚಿತ್ರದುರ್ಗದ ಸೀಮೆಯಲ್ಲಿ ಹಳೆಯದು ಏನು ಸಿಕ್ಕರೂ ಅದು ಕೋಟೆಯದು, ಪಾಳೇಗಾರರ ಕಾಲದ್ದು ಎಂಬುದು ಅವನ ಸಿದ್ಧಾಂತ. ಒಮ್ಮೆ ಅವನು ಪಾಳೇಗಾರರ ದಂಡಿನದು ಎಂದು ತಂದ ಚಾಕಿನ ಬೆನ್ನಿಗೆ ಬಾಟಲಿ ಮುಚ್ಚಳ ತೆಗೆಯುವ ಕೊಕ್ಕೆಯಿತ್ತು. "ಲೇ ರುದ್ರ, ದಂಡಿನೋರು ಸೋಡಾ ಕುಡೀತಿದ್ರಾ?" ಎಂದೆ. ಅವನು ಒಂದು ಗಳಿಗೆ ಯೋಚಿಸಿ, "ಬಿಸಿಲಲ್ಲಿ ಕಾದಾಡೋರು ಏನಾದ್ರೂ ಕುಡೀಬೇಕಲ್ಲ" ಎಂದ. ಇಂಥವನ ಜೊತೆ ವಾದಿಸುವುದರಲ್ಲಿ ಒಂದು ಸುಖವಿದೆ. ಸೋತರೂ ಒಪ್ಪುವುದಿಲ್ಲ, ಗೆದ್ದರೂ ಬಿಟ್ಟುಹೋಗುವುದಿಲ್ಲ.

ಪೂರ್ತಿ ಸುಳ್ಳೇ ಹೇಳುತ್ತೇವೆ ಎಂದೂ ತಿಳಿಯಬೇಡಿ. ನಮ್ಮ ಹಳೆಯ ಶಾನುಭೋಗರು ತಾಳೆಗರಿಯ ಮೇಲೆ ಬರೆಯಲು ಕಂಠ ಎಂಬ ಕಬ್ಬಿಣದ ಮೊನೆ ಇಟ್ಟುಕೊಳ್ಳುತ್ತಿದ್ದರು. ಅದರ ಜೊತೆಗೇ ಗರಿ ಕತ್ತರಿಸುವ ಪುಟ್ಟ ಚಾಕೂ ಒಂದೇ ಹಿಡಿಯಲ್ಲಿ ಮಡಿಚಿಕೊಂಡಿರುವುದುಂಟು. ಆ ಕಡೆ ದೊರೆಗಳ ದೇಶದಲ್ಲೂ ಹಕ್ಕಿಯ ಗರಿಯನ್ನು ಲೇಖನಿ ಮಾಡಿ ಹೆರೆಯಲಿಕ್ಕೆ ಇಂಥದೇ ಚಾಕು. ಅಲ್ಲಿಗೆ, ಜೇಬಿನ ಚಾಕು ಹುಟ್ಟಿದ್ದು ಬಡಿದಾಟಕ್ಕಲ್ಲ, ಬರವಣಿಗೆಗೆ. ಇದನ್ನು ನಾನು ಬಾರ್ ರೂಮಿನಲ್ಲಿ ಹೇಳಿದಾಗ ಹಿರಿಯ ವಕೀಲರೊಬ್ಬರು, ಬರವಣಿಗೆಯಿಂದ ಹಾಳಾದ ಮನೆಗಳೇ ಹೆಚ್ಚು, ಚಾಕಿನಿಂದ ಕಡಿಮೆ ಎಂದು ಕಡತ ಕಟ್ಟಿಕೊಂಡು ಎದ್ದರು.

ಇನ್ನು ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಚಾಕು, ಕತ್ತರಿಗಳನ್ನು ಕೈಯಿಂದ ಕೈಗೆ ಕೊಡಬಾರದು. ಕೊಟ್ಟರೆ ಜಗಳ ಬಂದು ಸಂಬಂಧ ಕಡಿದುಹೋಗುತ್ತದೆ. ಕೊಡುವವರು ಕೆಳಗಿಡಬೇಕು, ತೆಗೆದುಕೊಳ್ಳುವವರು ಅಲ್ಲಿಂದ ಎತ್ತಿಕೊಳ್ಳಬೇಕು. ನಾನಾಗಲಿ ರುದ್ರಣ್ಣನಾಗಲಿ ಇಂಥದನ್ನೆಲ್ಲ ನಂಬುವವರಲ್ಲ. ನಂಬುವುದಿಲ್ಲ, ಆದರೆ ಪಾಲಿಸುತ್ತೇವೆ. ವಿದ್ಯಾವಂತರು ಮೂಢನಂಬಿಕೆಯನ್ನು ಇಟ್ಟುಕೊಳ್ಳುವ ರೀತಿಯೇ ಹಾಗೆ.

ಹೋದ ಕಾರ್ತಿಕದಲ್ಲಿ ಹಿರಿಯೂರು ತಾಲೂಕಿನ ಹರಿಯಬ್ಬೆಗೆ ಹೋಗಿದ್ದೆವು. ಅಲ್ಲಿ ಕುರಿ ಸಾಕುವ ತಿಮ್ಮಣ್ಣನ ಹತ್ತಿರ ಅವನ ತಾತನ ಕಾಲದ ಚಾಕು ಇದೆಯೆಂದು ಸುದ್ದಿ. ಮೂಳೆಯ ಹಿಡಿ, ಅಲಗಿನ ಬುಡದಲ್ಲಿ ಅಳಿಸಿಹೋದ ಮುದ್ರೆ. ನೋಡಿದ ಕೂಡಲೇ ನನ್ನ ಸರ್ವೇ ದೊರೆ ಕುದುರೆ ಹತ್ತಿದ, ರುದ್ರಣ್ಣನ ಪಾಳೇಗಾರರು ಕೋಟೆಯ ಬತೇರಿ ಹತ್ತಿದರು. ತಿಮ್ಮಣ್ಣ ಅದರಲ್ಲಿ ಮರಿಗಳ ಕಿವಿಗೆ ಗುರುತು ಕೊಯ್ಯುತ್ತಿದ್ದ. ಮಂದೆ ಬೆರೆತರೆ ಯಾರ ಕುರಿ ಯಾವುದೆಂದು ತಿಳಿಯಲು ಒಂದೊಂದು ಮನೆತನಕ್ಕೆ ಒಂದೊಂದು ಬಗೆಯ ಕಿವಿಗುರುತು. ನಾವು ಹೊಸ ಚಾಕು ಕೊಡುತ್ತೇವೆಂದಾಗ ನಕ್ಕು, "ಇದ್ರಾಗೇನೈತ್ರಿ ಅಂಥದ್ದು? ತಗಳ್ರಿ, ನಂಗೆ ಹೊಸದಾದ್ರೆ ಹರಿತಾಗಿರ್ತೈತೆ" ಎಂದು ಚಾಕನ್ನು ಕಟ್ಟೆಯ ಮೇಲಿಟ್ಟ. ರುದ್ರಣ್ಣ ಎತ್ತಿಕೊಂಡ.

ವಾಪಸ್ಸು ಬರುವಾಗ ಹಿರಿಯೂರಿನಲ್ಲಿ ಟೀಗೆ ನಿಂತೆವು. ಮೊದಲು ನಾನು ಅಧ್ಯಯನ ಮಾಡುವುದು, ಆಮೇಲೆ ಅವನು ಎಂದು ಮಾತಾಗಿತ್ತು. ರುದ್ರಣ್ಣ ಚಾಕನ್ನು ಬೆಂಚಿನ ಮೇಲಿಟ್ಟು "ತಗಳಪ್ಪ" ಎಂದ. ನಾನು ಒಂದು ಕೈಯಲ್ಲಿ ಟೀ, ಇನ್ನೊಂದು ಕೈಯಲ್ಲಿ ಬ್ರಿಟಿಷ್ ಸಾಮ್ರಾಜ್ಯ ಹಿಡಿದು ವಾದಕ್ಕಿಳಿದಿದ್ದೆ. ಟೀ ಮುಗಿಯಿತು, ವಾದ ಮುಗಿಯಲಿಲ್ಲ, ವಾದಿಸುತ್ತಲೇ ಬೈಕು ಹತ್ತಿದೆವು. ಸಂಜೆ ಅವನ ಫೋನು ಬಂತು.

"ಮುದ್ರೆ ಓದಿದೇನೋ?"

"ಚಾಕು ನಿನ್ನತ್ರ ಐತಲ್ಲ."

"ನನ್ನತ್ರ ಎಲ್ಲೈತೆ? ಬೆಂಚಿನ ಮೇಲಿಟ್ಟೆ, ನೀನೇ ತಗಂಡೆ."

"ನಾನ್ ಎಲ್ ತಗಂಡೆ? ನೀನೇ ಮತ್ತೆ ಜೇಬಿಗೆ ಹಾಕ್ಕಂಡೆ."

ಮಾರನೆಯ ದಿನ ಬೇರೆ ಬೇರೆಯಾಗಿ ಹಿರಿಯೂರಿಗೆ ಹೋಗಿ ಬೆಂಚಿನ ಕೆಳಗೆ ಬಗ್ಗಿ ನೋಡಿ ಬಂದೆವು. ಚಾಕು ಇರಲಿಲ್ಲ. ಅಲ್ಲಿಂದ ನನ್ನೊಳಗಿನ ವಕೀಲ ಎಚ್ಚೆತ್ತ. ಇಷ್ಟು ದಿನ ಚಾಕುಗಳ ವಿಷಯದಲ್ಲಿ ನಿದ್ದೆ ಮಾಡುತ್ತಿದ್ದ ಮಹಾನುಭಾವ ಗೆಳೆಯನ ವಿಷಯಕ್ಕೆ ಬಂದಾಗ ಸಾಂದರ್ಭಿಕ ಸಾಕ್ಷ್ಯ ಪೋಣಿಸತೊಡಗಿದ. ಅವನು ಅಷ್ಟು ಸುಲಭವಾಗಿ ಮೊದಲು ನನಗೆ ಬಿಟ್ಟುಕೊಟ್ಟದ್ದೇಕೆ? ಬೈಕು ಓಡಿಸುವಾಗ ಪದೇ ಪದೇ ಜೇಬು ಮುಟ್ಟಿಕೊಂಡದ್ದೇಕೆ? ಅವನೂ ಹೊಳಲ್ಕೆರೆಯಲ್ಲಿ ಕೂತು ನನ್ನ ಮೇಲೆ ಇದೇ ಕೆಲಸ ಮಾಡುತ್ತಿದ್ದನೆಂದು ಆಮೇಲೆ ತಿಳಿಯಿತು. ಕೊನೆಗೆ ಫೋನಿನಲ್ಲಿ ನಾನೊಂದು ಮಾತಂದೆ, ಅವನು ಎರಡಂದ. ಜಗಳವಾಗಬಾರದೆಂದು ಹಿರಿಯರು ಮಾಡಿಟ್ಟ ಪದ್ಧತಿಯನ್ನು ಚಾಚೂ ತಪ್ಪದೆ ಪಾಲಿಸಿ ನಾವು ಜಗಳವಾಡಿದೆವು.

ಸಂಕ್ರಾಂತಿಗೆ ಎಳ್ಳು ಬರಲಿಲ್ಲ. ಶಿವರಾತ್ರಿಗೆ ಜೊತೆಯಲ್ಲಿ ಹೊರಕೆರೆದೇವಪುರದ ತನಕ ಬೈಕಿನಲ್ಲಿ ಹೋಗಿಬರುವ ರೂಢಿಯಿತ್ತು, ಅದೂ ತಪ್ಪಿತು. ನಾನೊಬ್ಬನೇ ಗುಜರಿಗೆ ಹೋಗಿ ಒಂದು ಚಾಕು ತಂದೆ. ಅದಕ್ಕೊಬ್ಬ ಕಲೆಕ್ಟರನನ್ನೂ ಗೊತ್ತುಮಾಡಿ ಪಾರ್ವತಿಗೆ ಹೇಳಿದೆ. "ಹೌದಾ" ಎಂದಳು. ಅಷ್ಟೇ. ಕಿರಿಯ ವಕೀಲನಿಗೆ ಹೇಳಿದೆ. "ಸೂಪರ್ ಸಾರ್" ಎಂದ. ಇಬ್ಬರೂ ನಂಬಿಬಿಟ್ಟರು. ನನಗೆ ಅಳು ಬರುವಂತಾಯಿತು. ನನ್ನ ಮಾತಿಗೆ "ಸುಳ್ಳು ಕಣಲೇ" ಎನ್ನುವವನು ಹೋದನಲ್ಲ ಎಂದು ಬೀರುವಿನ ಬಾಗಿಲು ತೆಗೆಯುವುದನ್ನೇ ಬಿಟ್ಟೆ. ಫೋನು ಮಾಡಬಹುದಿತ್ತು. ಆದರೆ ಮೊದಲು ಮಾಡಿದವನು ತಪ್ಪೊಪ್ಪಿಕೊಂಡಂತೆ ಎಂಬ ಕಾನೂನು ನನ್ನ ತಲೆಯಲ್ಲಿ ಕೂತಿತ್ತು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಬೈಕಿನ ಸದ್ದಾಯಿತು. ರುದ್ರಣ್ಣ ನೇರ ಒಳಗೆ ಬಂದ. "ಕುಂತ್ಕಳ್ರಿ ಅಣ್ಣ, ಎಷ್ಟ್ ದಿನಾತು" ಎಂದು ಪಾರ್ವತಿ ನೀರು ತಂದಳು. ಅವನು ಕೂರದೆ, ಜೇಬಿನಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು, ಗೋಡೆಯ ಕಡೆ ನೋಡುತ್ತ ಹೇಳಿದ.

"ಸಿಕ್ತು ಕಣಪ್ಪ. ಆವತ್ತು ಹಾಕ್ಕಂಡಿದ್ ಜರ್ಕಿನ್ನಿನ ಒಳಜೇಬಲ್ಲಿತ್ತು. ತಪ್ಪು ನಂದೇ."

ಪೊಟ್ಟಣ ಬಿಚ್ಚಿದೆ. ಹರಿಯಬ್ಬೆಯ ಚಾಕಿನ ಹಿಡಿ ಮೂಳೆಯದು, ಇದರದ್ದು ಪ್ಲಾಸ್ಟಿಕ್ಕು. ಹಳೆಯದಾಗಿ ಕಾಣಲೆಂದು ಅದಕ್ಕೆ ಬೂಟ್ ಪಾಲಿಶ್ ತಿಕ್ಕಿದ್ದ, ಘಮ್ಮೆನ್ನುತ್ತಿತ್ತು. ಮುದ್ರೆಯಿರಬೇಕಾದ ಕಡೆ, ಮೋಟಾರು ರಿಪೇರಿಯ ಉಜ್ಜುಕಲ್ಲಿನಲ್ಲಿ ಯಾರೋ ಬಹಳ ಶ್ರದ್ಧೆಯಿಂದ ಉಜ್ಜಿದ ಗುರುತಿತ್ತು. ಅವನ ಉಗುರುಸಂದಿಯಲ್ಲಿ ಇನ್ನೂ ಪಾಲಿಶಿನ ಕಪ್ಪಿತ್ತು.

ನಾನು ಭೂತಗನ್ನಡಿ ತಂದೆ. ಕಿಟಕಿಯ ಬೆಳಕಿಗೆ ಹಿಡಿದು, ಎಲ್ಲ ಮಗ್ಗುಲಿಗೂ ತಿರುಗಿಸಿ ನೋಡಿದೆ. ರುದ್ರಣ್ಣ ತೀರ್ಪಿಗೆ ಕಾಯುವ ಕಕ್ಷಿದಾರನ ಹಾಗೆ ನಿಂತಿದ್ದ.

"ಅದೇ ಕಣಲೇ," ಎಂದೆ. "ಅನುಮಾನನೇ ಇಲ್ಲ. ಮೂಳೆ ನೋಡು, ಎಷ್ಟು ಸವೆದೈತೆ."

ಅವನು ಉಸಿರು ಬಿಟ್ಟು ಕುರ್ಚಿಯಲ್ಲಿ ಕುಸಿದ. ಟೀ ಬರುವ ಹೊತ್ತಿಗೆ ಪಾಳೇಗಾರರು ಶುರುವಾಗಿದ್ದರು, ನಾನೂ ನನ್ನ ದೊರೆಯನ್ನು ಕರೆಸಿಕೊಂಡೆ. ಮಧ್ಯಾಹ್ನದ ತನಕ ಕಿತ್ತಾಡಿದೆವು.

ಆ ಚಾಕನ್ನು ಬೀರುವಿನ ನಡುವಿನ ಹಲಗೆಯಲ್ಲಿಟ್ಟಿದ್ದೇನೆ. ಉಳಿದ ಚಾಕುಗಳ ಬಗ್ಗೆ ನಾನು ಹೇಳಿದ ಸುಳ್ಳುಗಳೆಲ್ಲ ನಾನೇ ನಂಬಿ ಹೇಳಿದವು. ಸುಳ್ಳೆಂದು ಗೊತ್ತಿದ್ದೂ ಹೇಳಿದ್ದು ಇದೊಂದರ ಬಗ್ಗೆ ಮಾತ್ರ. ನನ್ನ ಇಡೀ ಸಂಗ್ರಹದಲ್ಲಿ, ಚರಿತ್ರೆ ಏನೆಂದು ನನಗೆ ಖಚಿತವಾಗಿ ತಿಳಿದಿರುವ ಚಾಕೂ ಇದೊಂದೇ.